ನೀರಿಗಿಂತ ಮೊದಲು ಬಂಡೆ



ಮಳೆಗಾಲ ಕಾಲಿಟ್ಟರೆ ಸಾಕು, ನಮ್ಮ ನಾಡಿನ ಜಲಪಾತಗಳ ದಾರಿಯಲ್ಲೆಲ್ಲ ಜನಜಾತ್ರೆ. ಜೋಗ, ಉಂಚಳ್ಳಿ, ಮಾಗೋಡು, ಸಾತೊಡ್ಡಿ, ಹೆಬ್ಬೆ, ಇರ್ಪು, ಮಲ್ಲಳ್ಳಿ. ಇತ್ತ ಬಯಲುಸೀಮೆಯಲ್ಲಿ ಗೋಕಾಕ, ಶಿವನಸಮುದ್ರ. ಹೋದವರೆಲ್ಲರ ಕೈಯಲ್ಲೂ ಕ್ಯಾಮೆರಾ, ಅದಿಲ್ಲದಿದ್ದರೆ ಮೊಬೈಲು ಇದ್ದೇ ಇರುತ್ತದೆ. ಮನೆಗೆ ಬಂದು ಚಿತ್ರ ತೆರೆದು ನೋಡಿದವರು ಮಾತ್ರ ಪೆಚ್ಚಾಗುತ್ತಾರೆ. ಅಲ್ಲಿ ಎದೆ ನಡುಗಿಸಿದ ನೀರು ಇಲ್ಲಿ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ಸಪ್ಪಗೆ ನಿಂತಿರುತ್ತದೆ. ಮೇಲೆ ಅಷ್ಟೇ ಬೆಳ್ಳಗಿನ ಆಕಾಶ, ಸುತ್ತ ಕಪ್ಪುಗಟ್ಟಿದ ಕಾಡು. ಹೀಗಾಗುವುದು ಏಕೆ, ಇದಕ್ಕೆ ಏನು ಮಾಡಬೇಕು ಎಂಬುದರ ಬಗ್ಗೆ ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿದ್ದೇನೆ.

ನಾನು ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜಲಪಾತದ ಮುಂದೆ ನಿಂತಾಗ ಮೊದಲು ಬಂಡೆಯನ್ನು ನೋಡಿ. ನೀರಿಗೆ ತನ್ನದೇ ಆಕಾರವಿಲ್ಲ. ಅದು ಎಲ್ಲಿ ಹರಡಬೇಕು, ಎಲ್ಲಿ ಚಿಮ್ಮಬೇಕು, ಎಲ್ಲಿ ಸೀಳಿಕೊಳ್ಳಬೇಕು ಎಂದು ತೀರ್ಮಾನಿಸುವುದು ಕೆಳಗಿರುವ ಕಲ್ಲು. ಕ್ಯಾಮೆರಾದ ಮಟ್ಟಿಗಂತೂ ಇದು ಇನ್ನೂ ದಿಟ. ಬಿಳಿ ನೀರು ಚಿತ್ರದಲ್ಲಿ ಎದ್ದು ಕಾಣುವುದು ಅದರ ಪಕ್ಕದಲ್ಲಿ ಕಪ್ಪು ಕಲ್ಲು ಇದ್ದಾಗ ಮಾತ್ರ. ಕಲ್ಲು ಮರೆಯಾದರೆ ನೀರು ಎಷ್ಟೇ ಇರಲಿ, ಅದರ ರೂಪ ಚಿತ್ರಕ್ಕೆ ಇಳಿಯುವುದಿಲ್ಲ.

ಜೋಗವನ್ನೇ ತೆಗೆದುಕೊಳ್ಳೋಣ. ಬಾನುಲಿಯಲ್ಲಿ ಚಿತ್ರ ತೋರಿಸುವಂತಿಲ್ಲ, ಆದರೆ ಜೋಗವನ್ನು ಕಣ್ಮುಂದೆ ತಂದುಕೊಳ್ಳುವುದು ಕನ್ನಡಿಗರಿಗೆ ಕಷ್ಟವೇನಲ್ಲ. ಶರಾವತಿ 253 ಮೀಟರ್ ಆಳಕ್ಕೆ ನಾಲ್ಕು ಕವಲಾಗಿ ಧುಮುಕುತ್ತಾಳೆ: ರಾಜ, ರೋರರ್, ರಾಕೆಟ್, ರಾಣಿ. ಪುಷ್ಯ, ಆಶ್ಲೇಷ ಮಳೆಗಳು ಹಿಡಿದು ಹೊಡೆದು, ಮೇಲಿನ ಲಿಂಗನಮಕ್ಕಿ ಅಣೆಕಟ್ಟಿನ ಬಾಗಿಲು ತೆರೆದಾಗ ಈ ನಾಲ್ಕೂ ಒಂದಾಗಿಬಿಡುತ್ತವೆ. ಕಣ್ಣಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಆದರೆ ಚಿತ್ರ ತೆಗೆಯುವವರಿಗೆ ಅದು ಬಹಳ ಕಷ್ಟದ ಹೊತ್ತು. ಬಂಡೆ ಮುಚ್ಚಿಹೋಗಿರುತ್ತದೆ, ಕಮರಿಯಿಂದ ಎದ್ದ ಹನಿಮೋಡ ಅರ್ಧ ಜಲಪಾತವನ್ನು ನುಂಗಿರುತ್ತದೆ. ನನ್ನನ್ನು ಕೇಳಿದರೆ, ಚಿತ್ರಕ್ಕೆಂದೇ ಹೋಗುವವರು ಉತ್ತರೆ, ಹಸ್ತ ಮಳೆಗಳ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದೊಳಗೆ ಹೋಗಬೇಕು. ಆಗ ನೀರಿಗೆ ಕಸುವೂ ಇರುತ್ತದೆ, ಕವಲುಗಳ ನಡುವೆ ಒದ್ದೆ ಬಂಡೆಯೂ ಕಾಣುತ್ತದೆ. ಜೋಗದ ನೀರು ಅಣೆಕಟ್ಟಿನ ಕೈಯಲ್ಲಿರುವುದರಿಂದ ಹೊರಡುವ ಮೊದಲು ಸಾಗರದ ಕಡೆಯವರನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಅಘನಾಶಿನಿಯ ಉಂಚಳ್ಳಿಗೆ ಆ ತಾಪತ್ರಯವಿಲ್ಲ. ಆ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಘಟ್ಟದಲ್ಲಿ ಎಷ್ಟು ಮಳೆಯೋ ಅಷ್ಟು ನೀರು, 116 ಮೀಟರ್ ಕೆಳಕ್ಕೆ.

ಈಗ ಷಟರ್ ವೇಗದ ವಿಚಾರಕ್ಕೆ ಬರುತ್ತೇನೆ. ಷಟರ್ ಎಂದರೆ ಬೆಳಕನ್ನು ಒಳಬಿಡುವ ಬಾಗಿಲು. ಅದು ತೆರೆದಿರುವ ಹೊತ್ತು ಹೆಚ್ಚಾದಷ್ಟೂ ಹರಿಯುವ ನೀರು ಗೆರೆಗೆರೆಯಾಗಿ, ನುಣ್ಣಗೆ ಮೂಡುತ್ತದೆ. ಇವತ್ತು ಜಲಪಾತವೆಂದರೆ ರೇಷ್ಮೆಯಂಥ ನೀರೇ ಬೇಕು ಎಂಬ ಹಟ ಅನೇಕರಲ್ಲಿದೆ. ಈ ರೇಷ್ಮೆ ಹುಟ್ಟಿದ್ದು ಆಯ್ಕೆಯಿಂದಲ್ಲ, ಅನಿವಾರ್ಯತೆಯಿಂದ. 1872ರಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತ ಅಮೆರಿಕದ ಯೊಸೆಮಿಟಿ ಕಣಿವೆಗೆ ಭಾರೀ ಗಾತ್ರದ ಕ್ಯಾಮೆರಾ ಹೊರಿಸಿಕೊಂಡು ಹೋದ. ಗಾಜಿನ ಫಲಕಕ್ಕೆ ಸ್ಥಳದಲ್ಲೇ ರಾಸಾಯನಿಕ ಹಚ್ಚಿ, ಅದು ಒದ್ದೆಯಿರುವಾಗಲೇ ಚಿತ್ರ ತೆಗೆಯಬೇಕಾದ ಕಾಲ ಅದು. ಬೆಳಕನ್ನು ಹಿಡಿಯಲು ಆ ಫಲಕಕ್ಕೆ ಸೆಕೆಂಡುಗಳೇ ಬೇಕಿದ್ದವು. ಹೀಗಾಗಿ ಅವನ ಜಲಪಾತಗಳೆಲ್ಲ ಬಿಳಿ ಮಂಜಾದವು. ಅದೇ ಮೈಬ್ರಿಜ್ 1878ರಲ್ಲಿ, ನಾಗಾಲೋಟದ ಕುದುರೆಯ ನಾಲ್ಕೂ ಗೊರಸು ನೆಲ ಬಿಟ್ಟಿರುವ ಕ್ಷಣವನ್ನು ಹಿಡಿದು ಲೋಕವನ್ನು ಬೆರಗುಗೊಳಿಸಿದ. ಆತನಿಗೆ ಆರು ವರ್ಷದ ಅಂತರದಲ್ಲಿ ಸಿಕ್ಕ ಎರಡೂ ದಾರಿಗಳು ನಮಗೆ ಒಂದೇ ಗುಂಡಿಯ ತಿರುವಿನಲ್ಲಿ ಸಿಗುತ್ತವೆ. ಹಾಗಿರುವಾಗ ಎಲ್ಲ ನೀರನ್ನೂ ರೇಷ್ಮೆ ಮಾಡಲು ಹೊರಡುವುದು ನೀರಿಗೆ ಮಾಡುವ ಅನ್ಯಾಯ ಎಂದು ನನ್ನ ದೃಢವಾದ ಅಭಿಪ್ರಾಯ.

ಜೋಗದ ನಾಲ್ಕು ಕವಲುಗಳೇ ಇದಕ್ಕೆ ಸಾಕ್ಷಿ. ರಾಣಿ ಬಂಡೆಯ ಮೈಯನ್ನು ಬಿಡದೆ, ನೊರೆಯಾಗಿ ಹರಡಿಕೊಂಡು ಇಳಿಯುತ್ತಾಳೆ. ಅವಳಿಗೆ ಕಾಲು ಸೆಕೆಂಡು, ಅರ್ಧ ಸೆಕೆಂಡು ಕೊಟ್ಟರೆ ಬಂಡೆಯ ಒಂದೊಂದು ಮೆಟ್ಟಿಲಿನ ಮೇಲೂ ನೀರು ಹೇಗೆ ತಿರುಗಿತು ಎಂಬುದು ಗೆರೆಯಾಗಿ ಮೂಡುತ್ತದೆ. ರಾಕೆಟ್ ಹಾಗಲ್ಲ. ಅದು ಬಂಡೆಗೆ ಬಡಿದು ಹೊರಕ್ಕೆ ಚಿಮ್ಮುತ್ತದೆ. ಒಂದೊಂದು ಚಿಮ್ಮುವಿಕೆಗೂ ಮೊನಚಾದ ತಲೆ, ಹಿಂದೆ ಉದ್ದನೆಯ ಬಾಲ. 1/500 ಸೆಕೆಂಡಿಗಿಂತ ನಿಧಾನ ಮಾಡಿದರೆ ಆ ಮೊನೆಯೇ ಕರಗಿ, ರಾಕೆಟ್ ಎಂಬ ಹೆಸರಿಗೆ ಅರ್ಥವಿಲ್ಲದಂತಾಗುತ್ತದೆ. ಕೊರಕಲಿನಲ್ಲಿ ತಿರುಚಿಕೊಂಡು ಅಬ್ಬರಿಸುವ ರೋರರ್‌ಗೆ 1/60ರ ಆಸುಪಾಸು ಹೊಂದುತ್ತದೆ: ತುಸು ಹರಿವು, ತುಸು ಒರಟುತನ. ಇನ್ನು ರಾಜ. ಅವನನ್ನು ತೆಗೆಯುವ ಮೊದಲು ಒಂದು ಕೆಲಸ ಮಾಡಿ. ಬಂಡೆಯ ಅಂಚಿನಲ್ಲಿ ನೀರಿನ ಒಂದು ಮುದ್ದೆಯನ್ನು ಗುರುತು ಹಿಡಿದು ಅದು ತಳ ಮುಟ್ಟುವವರೆಗೂ ಕಣ್ಣಲ್ಲೇ ಹಿಂಬಾಲಿಸಿ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 253 ಮೀಟರ್ ಬೀಳಲು ಏಳು ಸೆಕೆಂಡು ಬೇಕು. ತಡೆ ಸೇರಿದರೆ ಇನ್ನಷ್ಟು. ಮೊದಲು ಅದು ದಪ್ಪ ಕಟ್ಟು, ಅಂಚು ಚೂಪು. ಅರ್ಧ ದಾರಿಯಲ್ಲಿ ಬದಿಗಳು ಬಿರಿದು ಜಾಲರಿಯಾಗುತ್ತವೆ. ಕೊನೆಯ ಭಾಗದಲ್ಲಿ ನೀರು ಎಲ್ಲಿ ಮುಗಿಯಿತು, ಹನಿಮೋಡ ಎಲ್ಲಿ ಮೊದಲಾಯಿತು ಎಂದು ಹೇಳಲಾಗುವುದಿಲ್ಲ. ಹೀಗೆ ನಾಲ್ಕಾರು ಮುದ್ದೆಗಳನ್ನು ಹಿಂಬಾಲಿಸಿದ ಮೇಲೆ ಎಷ್ಟು ವೇಗ ಇಡಬೇಕೆಂದು ನಿಮಗೇ ಹೊಳೆಯುತ್ತದೆ.

ದೂರವನ್ನೂ ಗಮನದಲ್ಲಿಡಬೇಕು. ಜೋಗ, ಉಂಚಳ್ಳಿಗಳನ್ನು ನಾವು ಕಣಿವೆಯ ಈಚೆಯಿಂದ ನೋಡುತ್ತೇವೆ. ಅದೇ ಲೆನ್ಸಿನಲ್ಲಿ ದೂರ ಎರಡರಷ್ಟಾದರೆ ನೀರಿನ ಚಲನೆ ಫ್ರೇಮಿನಲ್ಲಿ ಅರ್ಧಕ್ಕಿಳಿಯುತ್ತದೆ. ಯಲ್ಲಾಪುರದ ಸಾತೊಡ್ಡಿಯಲ್ಲಿ ಹೀಗಲ್ಲ. ಅಲ್ಲಿ ಕಾಡಿನ ದಾರಿಯಲ್ಲಿ ನಡೆದು ನೀರಿನ ಬುಡಕ್ಕೇ ಹೋಗಿ ನಿಲ್ಲುತ್ತೇವೆ. ಸುಮಾರು 15 ಮೀಟರ್ ಎತ್ತರದಿಂದ ಬಿದ್ದ ನೀರು ಕೆಳಗೆ ಸೆಕೆಂಡಿಗೆ 17 ಮೀಟರ್ ವೇಗದಲ್ಲಿರುತ್ತದೆ. ಕಾಲು ಸೆಕೆಂಡು ಷಟರ್ ತೆರೆದರೆ ಒಂದು ಹನಿ ನಾಲ್ಕು ಮೀಟರ್ ಉದ್ದದ ಗೆರೆ ಎಳೆಯುತ್ತದೆ. 1/500ರಲ್ಲಿ ಮೂರೂವರೆ ಸೆಂಟಿಮೀಟರ್ ಮಾತ್ರ. ದೂರದ ಜೋಗದಲ್ಲಿ ಇನ್ನೂ ಒರಟಾಗಿ ಕಾಣುವ ವೇಗ ಸಾತೊಡ್ಡಿಯಲ್ಲಿ ಆಗಲೇ ನುಣುಪು ತಂದಿರುತ್ತದೆ.

ಕಾಲು ಸೆಕೆಂಡು ಷಟರ್ ತೆರೆದಿಡಲು ಬೆಳಕು ಕಡಿಮೆ ಇರಬೇಕಲ್ಲ, ಹಗಲಿನಲ್ಲಿ ಹೇಗೆ ಎಂದು ನೀವು ಕೇಳಬಹುದು. ಹಳೆಯ ಫಿಲ್ಮಿನ ಕಾಲದವರಿಗೆ ಬಾಯಿಪಾಠವಾಗಿದ್ದ ಒಂದು ಲೆಕ್ಕವಿದೆ. ನಿಚ್ಚಳ ಬಿಸಿಲಿದ್ದರೆ, ಬೆಳಕಿನ ಸಂವೇದನೆಯ ಅಳತೆಯಾದ ಐಎಸ್‌ಒ 100 ಇಟ್ಟು, ಅಪರ್ಚರ್, ಅಂದರೆ ಲೆನ್ಸಿನ ಕಂಡಿ, ಎಫ್/16 ಮಾಡಿದಾಗ ಷಟರ್ ಸುಮಾರು 1/100 ಸೆಕೆಂಡು. ದಟ್ಟ ಮೋಡ ಕವಿದರೆ ಬೆಳಕು ಮೂರು ಸ್ಟಾಪ್ ಇಳಿಯುತ್ತದೆ. ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುವುದರಿಂದ ಷಟರ್ 1/12ಕ್ಕೆ ಬರುತ್ತದೆ. ಮೋಡದ ಜೊತೆಗೆ ಮೇಲೆ ಕಾಡಿನ ಚಪ್ಪರವೂ ಇದ್ದರೆ ಮತ್ತೊಂದೆರಡು ಸ್ಟಾಪ್ ಕಡಿಮೆ. ಅಲ್ಲಿಗೆ ಯಾವ ಫಿಲ್ಟರಿನ ಹಂಗೂ ಇಲ್ಲದೆ 1/4 ಸೆಕೆಂಡು ಸಿಕ್ಕಿತು. ಆದ್ದರಿಂದ ಮೋಡದ ದಿನ ಎಂದು ಕೊರಗಬೇಡಿ. ಬಿಸಿಲು ಬರಲಿ ಎಂದು ಕಾಯುವವರ ನಡುವೆ ನೀವು ಮೋಡ ಬರಲಿ ಎಂದು ಕಾಯಿರಿ. ಬಿಸಿಲಿನಲ್ಲಿ ನೀರಿನ ಬಿಳುಪಿಗೂ ಕಾಡಿನ ನೆರಳಿಗೂ ಇರುವ ಅಂತರವನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು ಒಳ್ಳೆಯ ಕ್ಯಾಮೆರಾಗಳಿಗೂ ಕಷ್ಟ. ಬಿಸಿಲಿನಲ್ಲೇ ತೆಗೆಯಬೇಕಾಗಿ ಬಂದರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇದೆ. ಮೂರು ಸ್ಟಾಪಿನದು ಅಥವಾ ಆರು ಸ್ಟಾಪಿನದು ಸಾಕು. ಹತ್ತು ಸ್ಟಾಪಿನದು ಹಾಕಿ ಬಹಳ ಹೊತ್ತು ತೆರೆದಿಟ್ಟರೆ ನೀರು ಆವಿಯಾದಂತೆ ಕಾಣುತ್ತದೆ, ಅದರೊಳಗಿನ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಅಪರ್ಚರನ್ನು ಎಫ್/16ಕ್ಕಿಂತ ಕಿರಿದು ಮಾಡಿ ಷಟರ್ ನಿಧಾನಿಸುವ ಅಡ್ಡದಾರಿಯೂ ಬೇಡ. ಬೆಳಕು ಕಿರುಗಂಡಿಯಲ್ಲಿ ಬಾಗಿ ಇಡೀ ಚಿತ್ರವೇ ಮಸುಕಾಗುತ್ತದೆ. ಎಫ್/8, ಎಫ್/11 ಒಳ್ಳೆಯ ಜಾಗ.

ಇನ್ನು ಎಕ್ಸ್‌ಪೋಷರ್. ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಕೊಡಬೇಕು ಎಂಬುದು. ನೀರು ಸುಣ್ಣದ ಗೋಡೆಯಾಗುವುದು ಇಲ್ಲಿಯೇ. ಕ್ಯಾಮೆರಾದ ಬೆಳಕಿನ ಮೀಟರಿಗೆ ಎದುರಿಗಿರುವುದು ನೀರೋ ಕಲ್ಲೋ ತಿಳಿಯದು. ಅದು ಏನನ್ನು ಕಂಡರೂ ನಡುಮಟ್ಟದ ಬೂದು ಬಣ್ಣ ಎಂದುಕೊಂಡು ಲೆಕ್ಕ ಹಾಕುತ್ತದೆ. ಇದರಿಂದ ಎರಡು ಬೇರೆಬೇರೆ ಎಡವಟ್ಟುಗಳು ಆಗುತ್ತವೆ. ಫ್ರೇಮಿನ ತುಂಬ ನೊರೆನೀರೇ ಇದ್ದರೆ ಮೀಟರ್ ಬೆದರಿ ಬೆಳಕು ತಗ್ಗಿಸುತ್ತದೆ, ನೀರು ಬೂದಿಬೂದಿಯಾಗುತ್ತದೆ. ಕರಿಯ ಬಂಡೆಯ ನಡುವೆ ಸಣ್ಣದೊಂದು ಬಿಳಿ ಧಾರೆ ಇದ್ದರೆ ಮೀಟರ್ ಬಂಡೆಯನ್ನು ಬೆಳಗಿಸಲು ಹೋಗಿ ಬೆಳಕು ಹೆಚ್ಚಿಸುತ್ತದೆ, ನೀರು ಉರಿದುಹೋಗುತ್ತದೆ. ಒಂದೇ ಜಲಪಾತದ ಮುಂದೆ ನಿಂತು ಲೆನ್ಸ್ ಜೂಮ್ ಮಾಡಿದರೆ ಮೊದಲನೆಯದು, ಹಿಂದಕ್ಕೆಳೆದರೆ ಎರಡನೆಯದು. ಆಟೋ ಮೋಡ್‌ನಲ್ಲಿ ತೆಗೆದ ಚಿತ್ರಗಳು ಒಂದು ಮಸುಕು, ಒಂದು ಬೆಳ್ಳಗೆ ಆಗುವುದು ಇದೇ ಕಾರಣಕ್ಕೆ.

ಉರಿದ ಬಿಳುಪಿನಲ್ಲಿ ಯಾವ ವಿವರವೂ ಉಳಿದಿರುವುದಿಲ್ಲ. ಆಮೇಲೆ ಎಷ್ಟು ತಿದ್ದಿದರೂ ಅಲ್ಲಿಂದ ಏನೂ ಹೊರಡುವುದಿಲ್ಲ. ಕತ್ತಲಾದ ಬಂಡೆಯನ್ನು ಮಾತ್ರ, ಕ್ಯಾಮೆರಾ ಹಿಡಿದ ಎಲ್ಲ ವಿವರವನ್ನೂ ಉಳಿಸುವ ರಾ ಫೈಲಿನಲ್ಲಿ ತೆಗೆದಿದ್ದರೆ, ಸಾಕಷ್ಟು ಮೇಲಕ್ಕೆತ್ತಬಹುದು. ಆದ್ದರಿಂದ ಬಿಳುಪನ್ನು ಕಾಯುವುದೇ ಮೊದಲ ಕೆಲಸ. ಕ್ಯಾಮೆರಾದಲ್ಲಿ ಸ್ಪಾಟ್ ಮೀಟರ್ ಇದ್ದರೆ ನೀರಿನ ಅತ್ಯಂತ ಬೆಳ್ಳಗಿನ ಭಾಗಕ್ಕೆ ಅದನ್ನು ಹಿಡಿದು, ಮೀಟರ್ ಹೇಳಿದ್ದಕ್ಕಿಂತ ಒಂದೂವರೆಯಿಂದ ಎರಡು ಸ್ಟಾಪ್ ಹೆಚ್ಚು ಬೆಳಕು ಕೊಡಿ. ಬೂದು ಬಿಳಿಯಾಗುತ್ತದೆ, ಆದರೂ ಎಳೆ ಉಳಿಯುತ್ತದೆ. ಅಮೆರಿಕದ ಛಾಯಾಗ್ರಾಹಕ ಆ್ಯನ್ಸೆಲ್ ಆ್ಯಡಮ್ಸ್ ಬೆಳಕನ್ನು ಮಟ್ಟಗಳಾಗಿ ವಿಂಗಡಿಸುವ ತನ್ನ ಝೋನ್ ಪದ್ಧತಿಯಲ್ಲಿ ಹಿಮಕ್ಕೂ ನೊರೆಗೂ ಮಾಡುತ್ತಿದ್ದ ಲೆಕ್ಕ ಇದೇ ಜಾಡಿನದು. ಸ್ಪಾಟ್ ಮೀಟರ್ ಇಲ್ಲದಿದ್ದರೆ ಒಂದು ಚಿತ್ರ ತೆಗೆದು ಹಿಸ್ಟೋಗ್ರಾಂ ನೋಡಿ. ಚಿತ್ರದ ಬೆಳಕಿನ ಹಂಚಿಕೆಯನ್ನು ತೋರಿಸುವ ಆ ಗುಡ್ಡದಾಕಾರದ ನಕ್ಷೆಯ ಬಲಗಡೆಯ ಇಳಿಜಾರು ಅಂಚಿನ ಗೋಡೆಗೆ ಒರಗದೆ, ಗೋಡೆಯ ಬುಡದಲ್ಲೇ ನಿಂತಿರಬೇಕು. ಹೆಚ್ಚಿನ ಕ್ಯಾಮೆರಾಗಳಲ್ಲಿ ಉರಿದ ಜಾಗ ಮಿನುಗಿ ಎಚ್ಚರಿಸುವ ಸೌಲಭ್ಯವಿದೆ, ಅದನ್ನು ಚಾಲೂ ಮಾಡಿಕೊಳ್ಳಿ. ನೀರಿನಲ್ಲಿ ಮಿನುಗಿದರೆ ಮೂರನೇ ಒಂದು ಸ್ಟಾಪ್ ತಗ್ಗಿಸಿ ಮತ್ತೆ ತೆಗೆಯಿರಿ.

ಇದಕ್ಕೊಂದು ಅಪವಾದವನ್ನು ಹೇಳಲೇಬೇಕು. ಗೋಕಾಕದಲ್ಲಿ ಘಟಪ್ರಭೆ ತುಂಬಿ ಬಂದಾಗ ನೀರು ಬಿಳಿಯಿರುವುದಿಲ್ಲ. ಮಣ್ಣು ಹೊತ್ತು ಕೆಂಪಗೆ, ಕಂದಾಗಿ 52 ಮೀಟರ್ ಕೆಳಗೆ ಬೀಳುತ್ತದೆ. ಆ ಕಂದು ಮೀಟರಿನ ಬೂದಿಗೆ ಬಹಳ ಹತ್ತಿರ. ಅಲ್ಲಿ ಎರಡು ಸ್ಟಾಪ್ ಏರಿಸಿದರೆ ಮಣ್ಣಿನ ನೀರಿನ ಗಡಸುತನವೆಲ್ಲ ಹೋಗಿ ಪೇಲವವಾಗುತ್ತದೆ. ಮೀಟರ್ ಹೇಳಿದಂತೆಯೇ ಕೇಳಿ. ನೊರೆ ಹೆಚ್ಚಿದ್ದರೆ ಅರ್ಧ ಸ್ಟಾಪ್ ಕೊಟ್ಟರೆ ಹೆಚ್ಚು. ನಮ್ಮಲ್ಲಿ ಬಹಳ ಜನ ಗೋಕಾಕದ ನೀರನ್ನು ಕಂಪ್ಯೂಟರಿನಲ್ಲಿ ಬಿಳುಪು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕೆಂಪು, ಮೇಲ್ಗಡೆಯ ಹೊಲಗಳಿಗೆ ಮಳೆ ಬಿದ್ದ ಸುದ್ದಿ.

ಕಂಪೋಸಿಷನ್ ಬಗ್ಗೆ, ಅಂದರೆ ಫ್ರೇಮಿನೊಳಗೆ ಯಾವುದನ್ನು ಎಲ್ಲಿಡಬೇಕು ಎಂಬುದರ ಬಗ್ಗೆ, ನಿಯಮಗಳ ಪುಸ್ತಕಗಳು ಬೇಕಾದಷ್ಟಿವೆ. ನನಗೆ ಮುಖ್ಯವೆನಿಸಿದ ಕೆಲವನ್ನಷ್ಟೇ ಹೇಳುತ್ತೇನೆ. ಮಳೆಗಾಲದ ಆಕಾಶವನ್ನು ಫ್ರೇಮಿನಿಂದ ಹೊರಗಿಡಿ. ಬೆಳ್ಳಗಿನ ಆಕಾಶ ಮೇಲಿದ್ದರೆ ಕಣ್ಣು ನೀರನ್ನು ಬಿಟ್ಟು ಅಲ್ಲಿಗೇ ಓಡುತ್ತದೆ. ಎರಡು ಬಿಳುಪುಗಳ ಜಗಳದಲ್ಲಿ ಆಕಾಶವೇ ಗೆಲ್ಲುತ್ತದೆ. ನೀರು ಅಂಚು ದಾಟುವ ಗೆರೆಯ ಮೇಲೆ ಒಂದಿಷ್ಟು ಮರಗಳನ್ನು ಬಿಟ್ಟು ಅಲ್ಲಿಗೆ ಕತ್ತರಿಸಿ. ಹಾಗೆಯೇ ಜಲಪಾತದ ಪಾದವನ್ನು ಕತ್ತರಿಸಬೇಡಿ. ಬಿದ್ದ ನೀರು ಎಲ್ಲಿಗೆ ಹೋಯಿತು ಎಂದು ನೋಡುವವರಿಗೆ ಗೊತ್ತಾಗಬೇಕು. ಕೆಳಗಿನ ಮಡುವಿಗೋ, ಕಲ್ಲುಗಳ ನಡುವಿನ ಹರಿವಿಗೋ ಜಾಗ ಬಿಡಿ. ಪಾದ ಹನಿಮೋಡದಲ್ಲಿ ಮುಚ್ಚಿದ್ದರೆ ಕಾಯಿರಿ. ಜೋಗದಲ್ಲಿ ಮೋಡ ಎದ್ದು ಎಲ್ಲವೂ ಬಿಳಿಪರದೆಯಾದಾಗ ಜನ ನಿರಾಸೆಯಿಂದ ವಾಹನದ ಕಡೆ ನಡೆಯುತ್ತಾರೆ. ಗಾಳಿ ಒಂದು ಸಲ ಕಮರಿಯೊಳಗೆ ತಿರುಗಿದರೆ ಸಾಕು, ಕೆಲವು ನಿಮಿಷ ನಾಲ್ಕೂ ಕವಲು ತೊಳೆದಿಟ್ಟಂತೆ ಕಾಣುತ್ತವೆ. ಮೊದಲು ಒಂದು ಮೂಲೆಯ ಬಂಡೆ ಕಾಣಿಸುತ್ತದೆ, ಆಗಲೇ ಕ್ಯಾಮೆರಾ ಸಿದ್ಧವಾಗಿರಬೇಕು.

ಎತ್ತರ ತೋರಿಸಲು ಅಳತೆಗೋಲು ಬೇಕು. ಉಂಚಳ್ಳಿಯನ್ನು ಬರೀ ನೀರು, ಬರೀ ಕಾಡು ಸೇರಿಸಿ ತೆಗೆದರೆ ಅದು ಹತ್ತು ಮೀಟರಿನ ಅಬ್ಬಿಯೋ ನೂರು ಮೀಟರಿನದೋ ತಿಳಿಯುವುದಿಲ್ಲ. ಜೋಗದ ಕಮರಿಯಲ್ಲಿ ಹಾರುವ ಕಾಡುಪಾರಿವಾಳಗಳ ಗುಂಪು, ಗೋಕಾಕದ ನೆತ್ತಿಯ ಮೇಲಿನ ತೂಗುಸೇತುವೆ, ಶಿವನಸಮುದ್ರದ ಭರಚುಕ್ಕಿಯ ಎದುರು ನಿಂತ ಜನ, ಇವೆಲ್ಲ ಅಳತೆಗೋಲುಗಳೇ. ಮನುಷ್ಯರನ್ನು ಸೇರಿಸುವಾಗ ಚಿಕ್ಕದಾಗಿ, ಬೆನ್ನು ಅಥವಾ ಪಕ್ಕ ಕಾಣುವಂತೆ, ಕಪ್ಪು ಬಂಡೆಯ ಹಿನ್ನೆಲೆಯಲ್ಲಿ ಇಡಿ. ಒಂದು ಕೆಂಪು ಕೊಡೆ ಇದ್ದರೆ ಮತ್ತೂ ಚೆನ್ನ.

ಸಣ್ಣ ಅಬ್ಬಿಗಳ ಮುಂದೆ ಕ್ಯಾಮೆರಾವನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ. ಹತ್ತಿರದ ಒಂದು ಹಾಸುಗಲ್ಲು, ಅದರ ಸುತ್ತ ತಿರುಗುವ ಹರಿವು, ಅಲ್ಲಿಂದ ನೀರು ಬೀಳುವ ಜಾಗಕ್ಕೆ ಓರೆಯಾಗಿ ಸಾಗುವ ದಾರಿ: ಇಷ್ಟು ಸಿಕ್ಕರೆ ಚಿತ್ರಕ್ಕೆ ಆಳ ಬರುತ್ತದೆ. ನೇರ ಎದುರಿಗೆ ನಿಂತರೆ ಜಲಪಾತ ಚಪ್ಪಟೆಯಾಗುತ್ತದೆ. ಪಕ್ಕಕ್ಕೆ ಸರಿದರೆ ಧಾರೆ ಬಂಡೆಯಿಂದ ಎಷ್ಟು ಮುಂದೆ ಬಂದು ಬೀಳುತ್ತದೆ ಎಂಬುದು ಕಾಣುತ್ತದೆ. ಎಲ್ಲರೂ ನಿಂತ ಕಟಕಟೆಯಿಂದ ಎಲ್ಲರೂ ತೆಗೆದ ಚಿತ್ರ ತೆಗೆದಾದ ಮೇಲೆ ಉದ್ದನೆಯ ಲೆನ್ಸ್ ಹಾಕಿ ಜಲಪಾತದ ಒಂದು ತುಣುಕನ್ನಷ್ಟೇ ಹಿಡಿದು ನೋಡಿ. ಬಂಡೆಯ ಬಿರುಕೊಂದರಿಂದ ಹೊರಟ ಬೆರಳಗಲದ ನೀರು, ಪಕ್ಕದಲ್ಲಿ ಗಾಳಿಗೆ ನಡುಗುವ ಜರಿಗಿಡ. ನನಗೆ ಬಹಳ ಪ್ರಿಯವಾದ ಚಿತ್ರಗಳು ಇಂಥವೇ.

ಒದ್ದೆ ಬಂಡೆ, ಒದ್ದೆ ಎಲೆಗಳ ಮೇಲೆ ಆಕಾಶದ ಬಿಳಿ ಹೊಳಪು ಕುಳಿತು ಬಣ್ಣ ಮಸುಕಾಗುತ್ತದೆ. ಅದನ್ನು ತೆಗೆಯಲು ಪೋಲರೈಸರ್ ಫಿಲ್ಟರ್ ಬೇಕು. ಒಂದೇ ಒಂದು ಫಿಲ್ಟರ್ ಕೊಳ್ಳುವಷ್ಟು ಹಣವಿದ್ದರೆ ಇದನ್ನೇ ಕೊಳ್ಳಿ. ಕಣ್ಣಿಟ್ಟು ನಿಧಾನವಾಗಿ ತಿರುಗಿಸಿದರೆ ಹೊಳಪು ಮಾಯವಾಗಿ ಪಾಚಿಯ ಹಸಿರು, ಕಲ್ಲಿನ ಕಂದು ಮೇಲೆದ್ದು ಬರುತ್ತವೆ. ಜೊತೆಗೆ ಒಂದೆರಡು ಸ್ಟಾಪ್ ಬೆಳಕೂ ತಗ್ಗುವುದರಿಂದ ಷಟರ್ ನಿಧಾನಿಸುತ್ತದೆ. ಪೂರ್ತಿ ಹೊಳಪು ತೆಗೆದರೆ ಬಂಡೆ ಒದ್ದೆಯಾಗಿದೆ ಎಂಬುದೇ ಮರೆಯಾಗುತ್ತದೆ, ಸ್ವಲ್ಪ ಉಳಿಸಿ.

ಕಾಮನಬಿಲ್ಲಿನ ಮುಂದೆ ಈ ಫಿಲ್ಟರನ್ನು ಇನ್ನೂ ಜೋಪಾನವಾಗಿ ತಿರುಗಿಸಬೇಕು. ಒಂದು ಕೋನದಲ್ಲಿ ಬಿಲ್ಲು ಬಹುಮಟ್ಟಿಗೆ ಅಳಿಸಿಹೋಗುತ್ತದೆ, ಅಲ್ಲಿಂದ ಕಾಲು ಸುತ್ತು ತಿರುಗಿಸಿದರೆ ಮೊದಲಿಗಿಂತ ಗಾಢವಾಗುತ್ತದೆ. ಬಿಲ್ಲನ್ನು ಹುಡುಕುವುದಕ್ಕೂ ಲೆಕ್ಕವಿದೆ. ಸೂರ್ಯ ಬೆನ್ನಿಗಿರಬೇಕು. ನಿಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ 42 ಡಿಗ್ರಿ ಆಚೆಗೆ ಬಿಲ್ಲು ಮೂಡುತ್ತದೆ. ಕೈ ಪೂರ್ತಿ ಚಾಚಿ ಬೆರಳು ಅಗಲಿಸಿದರೆ ಒಂದು ಗೇಣು ಸುಮಾರು 20 ಡಿಗ್ರಿ. ಎರಡು ಗೇಣು ಅಳೆದರೆ ಬಿಲ್ಲಿನ ಜಾಗ ಸಿಕ್ಕಿತು. ಸೂರ್ಯ ನೆತ್ತಿಗೇರಿದಾಗ ಬಯಲಿನಲ್ಲಿ ಬಿಲ್ಲು ಕಾಣದು. ಜೋಗದಂಥ ಕಡೆ ಮೇಲಿನಿಂದ ಕಮರಿಯೊಳಕ್ಕೆ ಬಗ್ಗಿ ನೋಡುವುದರಿಂದ ನಡುಹಗಲಲ್ಲೂ ಕಾಲ ಕೆಳಗೆ ಬಿಲ್ಲು ಸಿಗುತ್ತದೆ.

ಷಟರ್ ನಿಧಾನವಾದರೆ ಟ್ರೈಪಾಡ್ ಬೇಕೇ ಬೇಕು. ಹೊಳೆಯಲ್ಲಿ ಅದರ ಕಾಲೂರುವಾಗ ಒಂದೊಂದನ್ನೂ ಕೈಯಿಂದ ಒತ್ತಿ ನೋಡಿ. ಹರಿವಿಗೆ ಅದು ನಡುಗುತ್ತಿದ್ದರೆ ದಡಕ್ಕೆ ಬನ್ನಿ. ಗುಂಡಿಯನ್ನು ಬೆರಳಲ್ಲಿ ಒತ್ತುವ ಬದಲು ಎರಡು ಸೆಕೆಂಡಿನ ಟೈಮರ್ ಇಡಿ. ತುಂತುರು ಬರುತ್ತಿದ್ದರೆ ಲೆನ್ಸಿನ ಮೇಲೆ ಬಟ್ಟೆ ಹೊದಿಸಿಯೇ ಎಲ್ಲ ಸಿದ್ಧತೆ ಮುಗಿಸಿ, ಕಡೆಗೆ ಬಟ್ಟೆ ತೆಗೆದು, ಗಾಜು ಒರೆಸಿ, ಒಂದೇ ಚಿತ್ರ ತೆಗೆದು ಮತ್ತೆ ಮುಚ್ಚಿ. ಒರೆಸುವ ಬಟ್ಟೆಗಳು ಹಲವು ಇರಲಿ, ಮಲ್ಲಳ್ಳಿಯಂಥ ಕಡೆ ಒಂದು ಬಟ್ಟೆ ಹಿಂಡುವಂತಾಗಲು ಹೆಚ್ಚು ಹೊತ್ತು ಬೇಡ.

ಮೊಬೈಲಿನವರು ಇದೆಲ್ಲ ನಮಗಲ್ಲ ಎಂದುಕೊಳ್ಳಬೇಡಿ. ತೆರೆಯ ಮೇಲೆ ಬಿಳಿ ನೀರಿರುವ ಕಡೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲಿಗೇ ನಿಲ್ಲುತ್ತವೆ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಸರಿಸಿ, ನೀರಿನೊಳಗೆ ಎಳೆಗಳು ಕಾಣುವ ಮಟ್ಟಕ್ಕೆ ತನ್ನಿ. ಅನೇಕ ಆಂಡ್ರಾಯ್ಡ್ ಫೋನುಗಳ ಪ್ರೊ ಮೋಡ್‌ನಲ್ಲಿ ಷಟರ್ ವೇಗವನ್ನೇ ಇಡಬಹುದು. ಐಫೋನಿನಲ್ಲಿ ಲೈವ್ ಚಿತ್ರವಾಗಿ ತೆಗೆದು ಆಮೇಲೆ ಲಾಂಗ್ ಎಕ್ಸ್‌ಪೋಷರ್ ಆಗಿ ಬದಲಿಸಬಹುದು. ಫೋನನ್ನು ಕಟಕಟೆಗೋ ಕಲ್ಲಿಗೋ ಒತ್ತಿ ಹಿಡಿದರೆ ಸಾಕು.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಕಟಕಟೆ ದಾಟಬೇಡಿ. ಪಾಚಿ ಹಿಡಿದ ಕಲ್ಲಿನ ಮೇಲೆ ಯಾವ ಬೂಟೂ ನಿಲ್ಲುವುದಿಲ್ಲ. ನೀವು ನಿಂತ ಕಡೆ ಬಿಸಿಲಿದ್ದರೂ ಮೇಲ್ಗಡೆ ಮಳೆ ಹೊಡೆದಿದ್ದರೆ ಹೊಳೆ ಇದ್ದಕ್ಕಿದ್ದಂತೆ ಏರುತ್ತದೆ. ನೀರು ಮಣ್ಣಿನ ಬಣ್ಣಕ್ಕೆ ತಿರುಗಿ ಎಲೆ, ಕಡ್ಡಿ ತೇಲಿಬರಲು ಶುರುವಾದರೆ ಟ್ರೈಪಾಡಿನ ಆಸೆಯನ್ನೂ ಬಿಟ್ಟು ದಡ ಸೇರಿ. ಪ್ರತಿ ಮಳೆಗಾಲವೂ ಚಿತ್ರದ ಆಸೆಗೆ ಎಳೆಯ ಜೀವಗಳು ಹೋಗುತ್ತಿರುವುದು ನನ್ನನ್ನು ತುಂಬ ನೋಯಿಸುವ ಸಂಗತಿ.

ಮನೆಗೆ ಬಂದ ಕೂಡಲೇ ಕ್ಯಾಮೆರಾವನ್ನು ಚೀಲದಲ್ಲಿ ಮುಚ್ಚಿಡದೆ ಹೊರಗೆ ತೆಗೆದು ಆರಲು ಬಿಡಿ. ಮಲೆನಾಡಿನ ಥಂಡಿಗೆ ಲೆನ್ಸಿನೊಳಗೆ ಬೂಷ್ಟು ಬೆಳೆಯುವುದು ಬೇಗ. ಆರಿದ ಮೇಲೆ ಸಿಲಿಕಾ ಜೆಲ್ ಇಟ್ಟ ಬಿಗಿ ಡಬ್ಬಿಯಲ್ಲಿಡಿ. ಆಮೇಲೆ ಚಿತ್ರ ತಿದ್ದುವಾಗ ನೆರಳಿನ ನೀರಿಗೆ ಸಹಜವಾಗಿ ಬರುವ ತುಸು ನೀಲಿಯನ್ನು ಪೂರ್ತಿ ತೊಳೆದುಹಾಕಬೇಡಿ. ಒಂದೆರಡನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ. ಮೊಬೈಲಿನ ತೆರೆ ತಾನೇ ಬೆಳಗುವುದರಿಂದ ಎಲ್ಲ ಬಿಳುಪೂ ಅದರಲ್ಲಿ ಚೆಂದವೇ. ಕಾಗದದಲ್ಲಿ ಹಾಗಲ್ಲ, ಉರಿದ ಜಾಗಕ್ಕೆ ಶಾಯಿಯೇ ಬೀಳದೆ ಬರೀ ಕಾಗದ ಉಳಿಯುತ್ತದೆ. ಅಚ್ಚನ್ನು ಹಗಲು ಬೆಳಕಿಗೆ ಕಿಟಕಿಯ ಬಳಿ ಹಿಡಿದು, ನೀರಿನ ಅತ್ಯಂತ ಬೆಳ್ಳಗಿನ ಭಾಗವನ್ನು ಅಚ್ಚಿನ ಸುತ್ತಲಿನ ಖಾಲಿ ಅಂಚಿನ ಪಕ್ಕಕ್ಕಿಟ್ಟು ನೋಡಿ. ಎರಡೂ ಒಂದೇ ಆಗಿದ್ದರೆ ಮುಂದಿನ ಸಲ ಬೆಳಕನ್ನು ಅರ್ಧ ಸ್ಟಾಪ್ ತಗ್ಗಿಸಿ.